ಪೆಗಿ ಅಜ್ಜಿ ಆಡದ ಮಾತು

ಸ್ಕಾರ್‌ಬೆಕ್, ಸ್ವೇಲ್‌ಡೇಲ್
೯ ಜನವರಿ ೧೮೮೮

ಮಾನ್ಯ ಪಾರ್ಜಿಟರ್ ಅವರಿಗೆ,

ಹೊಸ ವರ್ಷದ ಶುಭಾಶಯ ತಡವಾಗಿ ಹೇಳುತ್ತಿದ್ದೇನೆ, ಮನ್ನಿಸಿ. ನಿಮ್ಮ ಹಳೆಮಾತುಗಳ ನಿಘಂಟಿಗೆ ಒಂಬತ್ತು ವರ್ಷದಿಂದ ಮಾತಿಗೊಂದರಂತೆ ಚೀಟಿ ಕಳಿಸುತ್ತಿದ್ದೇನೆ. ಇಡೀ ಡಿಸೆಂಬರಿನಲ್ಲಿ ಒಂದೂ ಕಳಿಸದೆ ಇದ್ದದ್ದು ಇದೇ ಮೊದಲು. ಇಲ್ಲಿ ಹಿಮ ಮೊಣಕಾಲುದ್ದ ಬಿದ್ದಿದೆ. ಹೆಣೆದ ಕಾಲುಚೀಲಗಳು ಕೊಳ್ಳುವವರಿಲ್ಲದೆ ಮೂಲೆಯಲ್ಲಿ ಕೂತಿವೆ. ಮನೆಮನೆಗೆ ಹೋಗಿ ಹಳಬರನ್ನು ಮಾತಿಗೆಳೆಯುವ ಉಮೇದು ನನಗೂ ಇಲ್ಲ.

ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ನವೆಂಬರ್ ಹತ್ತರ ಬೆಳಿಗ್ಗೆ ನಾನು ಅಂಚೆಗೆ ಹಾಕಿದ ಕಟ್ಟಿನಲ್ಲಿ ‘ರಿಗ್‌ವೆಲ್ಟೆಡ್’ ಎಂಬ ಮಾತಿನ ಚೀಟಿ ಇದೆ. ಅದನ್ನು ನನಗೆ ವಾಪಸು ಕಳಿಸಿಕೊಡಿ. ಚೀಟಿ ಬಂದ ದಿನ ನಿಮ್ಮ ಕಚೇರಿಯಲ್ಲಿ ತಾರೀಕಿನ ಮುದ್ರೆ ಒತ್ತುತ್ತೀರಲ್ಲ, ಅದು ಅಳಿಸದ ಹಾಗೆ ನೋಡಿಕೊಳ್ಳಿ. ಅಂಚೆಚೀಟಿ ಒಳಗೆ ಇಟ್ಟಿದ್ದೇನೆ. ಮತ್ತೇನೂ ವಿಶೇಷವಿಲ್ಲ.

ಥಾಮಸಿನ್ ಆಲ್ಡರ್ಸನ್


ನಿಘಂಟು ಕಚೇರಿ, ಕೇಂಬ್ರಿಜ್
೧೬ ಜನವರಿ ೧೮೮೮

ಮಿಸ್ ಆಲ್ಡರ್ಸನ್ ಅವರಿಗೆ,

ಒಮ್ಮೆ ಮುದ್ರೆ ಬಿದ್ದ ಚೀಟಿ ನಿಘಂಟಿನ ಸ್ವತ್ತು. ಅದು ಈ ಕಟ್ಟಡದ ಹೊಸ್ತಿಲು ದಾಟುವಂತಿಲ್ಲ. ಇದು ಪ್ರಧಾನ ಸಂಪಾದಕರಾದ ಡಾಕ್ಟರ್ ಲೇಥಮ್ ಅವರ ನಿಯಮ. ಅವರ ಸ್ವಂತ ತಂಗಿ ಒಂದು ಚೀಟಿಯ ಹಿಂಬದಿಯಲ್ಲಿ ಅಡುಗೆಯ ಪಟ್ಟಿ ಬರೆದು ಮರೆತಿದ್ದರು. ವಾಪಸು ಕೇಳಿದಾಗ ಅವರಿಗೂ ಕೊಡಲಿಲ್ಲ. ತಿದ್ದುಪಡಿ ಇದ್ದರೆ ಹೊಸ ಚೀಟಿಯಲ್ಲಿ ಬರೆದು ಕಳಿಸಿ.

ತಿದ್ದುಪಡಿಗೆ ಅವಕಾಶವಂತೂ ಇದೆ. ನೀವು ಕೊಟ್ಟ ಅರ್ಥ ಹೀಗಿದೆ: ‘ಬೆನ್ನಡಿಯಾಗಿ ಬಿದ್ದು ತಾನಾಗಿ ಏಳಲಾರದ ಕುರಿಯನ್ನು ಕುರಿತು ಹೇಳುವ ಮಾತು.’ ಇದು ಅಪೂರ್ಣ. ಏಳಲಾರದಿದ್ದರೆ ಮುಂದೇನು? ಸಂಜೆಗೆ ಏಳುತ್ತದೆಯೆ, ಸಾಯುತ್ತದೆಯೆ? ನಾನು ಕುರಿಗಳನ್ನು ರೈಲಿನ ಕಿಟಕಿಯಿಂದಷ್ಟೇ ಬಲ್ಲವನು.

ಅರವತ್ತರ ನಿಯಮವನ್ನೂ ಈ ಸಂದರ್ಭದಲ್ಲಿ ನೆನಪಿಸುತ್ತೇನೆ. ಮಾತನ್ನು ಆಡಿದವರಿಗೆ ಅರವತ್ತು ತುಂಬಿರಬೇಕು, ಅವರು ಹುಟ್ಟಿದ ಕಣಿವೆ ಬಿಟ್ಟು ಬೇರೆಡೆ ಬಾಳಿರಬಾರದು. ಅವರ ಹೆಸರು, ವಯಸ್ಸು, ಮಾತಾಡಿದ ದಿನ ಚೀಟಿಯ ಕೆಳಗೆ ಸರಿಯಾಗಿ ನಮೂದಾಗಿರಬೇಕು. ನಿಮಗೆ ಗೊತ್ತಿರುವುದೇ.

ಎಡ್ಮಂಡ್ ಪಾರ್ಜಿಟರ್
ಉಪಸಂಪಾದಕ


ಸ್ಕಾರ್‌ಬೆಕ್
೨೦ ಜನವರಿ

ಪಾರ್ಜಿಟರ್ ಅವರಿಗೆ,

ನಿಮ್ಮ ಕಾಗದ ಓದಿದೆ. ನಮ್ಮ ಕಣಿವೆಯ ಗೋಡೆಗಳನ್ನು ಗಾರೆಯಿಲ್ಲದೆ ಬರೀ ಕಲ್ಲಿನಲ್ಲಿ ಕಟ್ಟುತ್ತಾರೆ. ಈ ಕಾಗದವೂ ಹಾಗೇ ಇದೆ. ಒಂಬತ್ತು ವರ್ಷದಲ್ಲಿ ನೀವು ನನಗೆ ಇಂಥದ್ದೊಂದು ಬರೆದಿರಲಿಲ್ಲ. ಹೋದ ವರ್ಷ ನನಗೆ ಎದೆಕಫ ಆಗಿದ್ದಾಗ ಜೇನು ಕುಡಿಯಿರಿ ಎಂದು ಎರಡು ಪುಟ ಬರೆದಿದ್ದಿರಿ. ಆ ಪಾರ್ಜಿಟರ್ ಎಲ್ಲಿ ಹೋದರು?

ಕುರಿಗೆ ಮುಂದೇನಾಗುತ್ತದೆ ಎಂದು ಬರೆಯುವ ವ್ಯವಧಾನ ನನಗೀಗ ಇಲ್ಲ.

ಚೀಟಿ ಯಾಕೆ ಬೇಕು ಎಂದು ಹೇಳುವಂತಿಲ್ಲ. ಹೇಳಬೇಡಿ ಎಂದು ತಿಳಿದವರೊಬ್ಬರು ಕಟ್ಟಪ್ಪಣೆ ಮಾಡಿದ್ದಾರೆ. ಮಾರ್ಚ್ ಎರಡನೆಯ ವಾರದೊಳಗೆ ಅದು ನನ್ನ ಕೈಗೆ ಬರಲೇಬೇಕು. ನಿಮ್ಮ ಡಾಕ್ಟರ್ ಲೇಥಮ್ ಅವರಿಗೆ ನಾನೇ ಬರೆಯಲೆ? ಅಥವಾ ನಾನೇ ರೈಲು ಹತ್ತಿ ಬಂದು ನಿಮ್ಮ ಬಾಗಿಲಲ್ಲಿ ಕೂರಲೆ? ಹಟ ಹಿಡಿಯುವುದರಲ್ಲಿ ನಮ್ಮೂರಿನವರನ್ನು ಮೀರಿಸಿದವರಿಲ್ಲ.

ಥಾ. ಆಲ್ಡರ್ಸನ್


ಕೇಂಬ್ರಿಜ್
೨ ಫೆಬ್ರವರಿ

ಮಿಸ್ ಆಲ್ಡರ್ಸನ್ ಅವರಿಗೆ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ನೇರವಾಗಿಯೇ ಹೇಳಿಬಿಡುತ್ತೇನೆ.

ನವೆಂಬರ್ ಐದರಂದು ನೀವು ‘ಆರ್ವಲ್’ ಎಂಬ ಮಾತಿನ ಚೀಟಿ ಕಳಿಸಿದ್ದಿರಿ. ಮಣ್ಣು ಮಾಡಿ ಬಂದವರಿಗೆ ಸತ್ತವರ ಮನೆಯಲ್ಲಿ ಹಂಚುವ ರೊಟ್ಟಿ ಎಂದು ಅರ್ಥ ಕೊಟ್ಟಿದ್ದಿರಿ. ಉದಾಹರಣೆಯ ವಾಕ್ಯ: ‘ನಿನ್ನೆ ಪೆಗಿ ಹಾರ್ಕರ್ ಅಜ್ಜಿ ಮಣ್ಣಾದಳು, ಅವಳ ಮನೆ ಆರ್ವಲ್ ರೊಟ್ಟಿಗೆ ಉಪ್ಪು ಸಾಲದು.’

ಆರು ದಿನದ ನಂತರ ನೀವು ಕೇಳುತ್ತಿರುವ ಚೀಟಿ ಬಂತು. ಮಾತು: ರಿಗ್‌ವೆಲ್ಟೆಡ್. ಆಡಿದವರು: ಪೆಗಿ ಹಾರ್ಕರ್, ವಯಸ್ಸು ೮೩. ಆಡಿದ ದಿನ: ನವೆಂಬರ್ ೯.

ಸತ್ತವರು ಮಾತಾಡಿದ ಚೀಟಿ ನನ್ನ ಹದಿನೇಳು ವರ್ಷದ ಕೆಲಸದಲ್ಲಿ ಇದೊಂದೇ. ನಾನು ಸುಮ್ಮನಿರಬಹುದಿತ್ತು. ಆದರೆ ಒಂದು ಎಳೆ ಎಳೆದರೆ ಇಡೀ ಕಾಲುಚೀಲ ಬಿಚ್ಚಿಕೊಳ್ಳುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ನಿಮ್ಮ ಹಳೆಯ ಚೀಟಿಗಳನ್ನು ತೆಗೆದು ನೋಡಿದೆ. ಪೆಗಿ ಹಾರ್ಕರ್ ಒಬ್ಬರೇ ಎಂಟುನೂರ ಹನ್ನೆರಡು ಮಾತು ಆಡಿದ್ದಾರೆ. ಗಣಿಯ ಮಾತು, ಕುಸ್ತಿಯ ಮಾತು, ಗಡ್ಡ ಕೆರೆಯುವ ಮಾತು. ಅಂಥ ಅಜ್ಜಿ ಇರಲು ಸಾಧ್ಯವೆ?

ನಿಮ್ಮ ಆರು ಸಾವಿರದ ನೂರ ಹದಿನಾಲ್ಕು ಚೀಟಿಗಳನ್ನೂ ‘ಸಂಶಯ’ದ ಪೆಟ್ಟಿಗೆಗೆ ಹಾಕಿದ್ದೇನೆ. ಡಾಕ್ಟರ್ ಲೇಥಮ್ ಅವರಿಗೆ ಇನ್ನೂ ಹೇಳಿಲ್ಲ. ನೀವು ಆ ಒಂದು ಚೀಟಿಯನ್ನು ವಾಪಸು ಕೇಳಿದಾಗ ನನಗೆ ಅರ್ಥವಾಯಿತು. ಸಾಕ್ಷ್ಯ ನಾಶಮಾಡಲು ಕೇಳುತ್ತಿದ್ದೀರಿ. ಹಾಗಲ್ಲ ಎಂದು ನೀವು ಹೇಳಿದರೆ ಸಂತೋಷಪಡುವವರಲ್ಲಿ ನಾನೇ ಮೊದಲಿಗ.

ಎ. ಪಾರ್ಜಿಟರ್


ಸ್ಕಾರ್‌ಬೆಕ್
೬ ಫೆಬ್ರವರಿ

ಪಾರ್ಜಿಟರ್ ಅವರೇ,

ಸಾಕ್ಷ್ಯ ನಾಶಮಾಡಲು ಅಲ್ಲ. ನನಗೆ ಸಾಕ್ಷ್ಯ ಬೇಕಾಗಿದೆ. ನಮ್ಮ ವಕೀಲ ಟನ್‌ಸ್ಟಲ್ ಬೈದರೆ ಬೈಯಲಿ, ಎಲ್ಲವನ್ನೂ ಹೇಳುತ್ತೇನೆ.

ನನ್ನ ತಮ್ಮ ನೆಡ್ ಯಾರ್ಕಿನ ಜೈಲಿನಲ್ಲಿದ್ದಾನೆ. ಅವನಿಗೆ ಇಪ್ಪತ್ತಾರು ವರ್ಷ. ಅಮ್ಮ ಸತ್ತಾಗ ಅವನು ನಾಲ್ಕು ವರ್ಷದವನು, ಸಾಕಿದವಳು ನಾನು. ನವೆಂಬರ್ ಒಂಬತ್ತರ ಸಂಜೆ ಐದು ಹೊಡೆಯುವ ಹೊತ್ತಿಗೆ ಬಡಗಣ ಗುಡ್ಡದಲ್ಲಿ ಎರಡು ಗುಂಡು ಹಾರಿದ್ದನ್ನು ಹೆಂಡದಂಗಡಿಯವಳು ಕೇಳಿದ್ದಾಳೆ. ಮೂರು ದಿನ ಮಂಜು. ಹನ್ನೆರಡರಂದು ಮಂಜು ಹರಿದಾಗ ಜಮೀನ್ದಾರರ ಬೇಟೆಹಕ್ಕಿಗಳ ಕಾವಲುಗಾರ ಅಮೋಸ್ ಕ್ರೇಕ್ ಅಲ್ಲಿ ಸತ್ತು ಬಿದ್ದಿದ್ದ. ಅಕ್ಟೋಬರಿನಲ್ಲಿ ಅವನು ನೆಡ್‌ನನ್ನು ಮೊಲದ ಉರುಲಿನ ಸಮೇತ ಹಿಡಿದಿದ್ದ. ನೆಡ್ ಎಲ್ಲರೆದುರಿಗೇ, “ನಿನ್ನ ಒಂದಲ್ಲ ಒಂದಿನ ವಿಚಾರಿಸ್ಕೋತೀನಿ ಕಣೋ” ಅಂದಿದ್ದ. ಅಷ್ಟು ಸಾಕಾಯಿತು. ಡಿಸೆಂಬರ್ ಹತ್ತೊಂಬತ್ತಕ್ಕೆ ಬಂದು ಕೈಗೆ ಬೇಡಿ ಹಾಕಿಕೊಂಡು ಹೋದರು. ಮಾರ್ಚ್ ಹದಿನಾಲ್ಕಕ್ಕೆ ವಿಚಾರಣೆ. ಸೋತರೆ ಗಲ್ಲು.

ಆ ಐದು ಗಂಟೆಗೆ ನೆಡ್ ಕಣಿವೆಯ ಈಚೆ ಮಗ್ಗುಲಲ್ಲಿ, ಒಂಬತ್ತು ಮೈಲಿ ದೂರದ ರಾಲ್ಫ್ ಪೀಕಾಕ್‌ನ ಕುರಿದೊಡ್ಡಿಯಲ್ಲಿದ್ದ. ಮನೆಗೆ ಬಂದು ಒದ್ದೆ ಬೂಟು ಬಿಚ್ಚುತ್ತಾ ಹೇಳಿದ: “ಅಕ್ಕಾ, ಪೀಕಾಕನ ಕುರಿ ಬಿಳಿಬಂಡೆ ಹತ್ರ ರಿಗ್‌ವೆಲ್ಟೆಡ್ ಆಗಿ ಬಿದ್ದಿತ್ತು. ಎಡಗಡೆ ಮುಂಗಾಲು ಉಳುಕಿತ್ತು. ಗೋಣಿಪಟ್ಟಿ ಸುತ್ತಿ, ಹೊತ್ಕೊಂಡು ಹೋಗಿ ದೊಡ್ಡಿಗೆ ಬಿಟ್ಟೆ. ಬಾಗಿಲು ಹಾಕ್ತಾ ಇರೋವಾಗ ಐದು ಹೊಡೀತು.” ರಿಗ್‌ವೆಲ್ಟೆಡ್ ಎಂಬ ಮಾತು ಕೇಳಿ ಹತ್ತು ವರ್ಷವಾಗಿತ್ತು ನನಗೆ. ಗಂಜಿಯನ್ನು ಒಲೆಯ ಮೇಲೇ ಬಿಟ್ಟು, ಅವನು ಅಂದದ್ದನ್ನು ಅಂದ ಹಾಗೇ ಚೀಟಿಗೆ ಇಳಿಸಿದೆ. ಗಂಜಿ ತಳ ಹಿಡಿಯಿತು. ಅವನು ಬೈದುಕೊಂಡೇ ತಿಂದ. ಬೆಳಿಗ್ಗೆ ಚೀಟಿಯನ್ನು ಅಂಚೆಗೆ ಹಾಕಿದೆ.

ಪೀಕಾಕ್ ಮರುದಿನ ಕುರಿಯನ್ನು ನೋಡಿದ. ಯಾರು ತಂದು ಬಿಟ್ಟರೆಂದು ಅವನಿಗೆ ಗೊತ್ತಿಲ್ಲ. ಹದಿನೈದರ ಸಂತೆಯಲ್ಲಿ ಎಲ್ಲರಿಗೂ ಕತೆ ಹೇಳಿದ. ಅದನ್ನು ಕೇಳಿ ನೆಡ್ ತನ್ನದು ಮಾಡಿಕೊಂಡ ಅಂತ ಸರ್ಕಾರಿ ವಕೀಲರು ಹೇಳುತ್ತಾರಂತೆ. ಕೈದಿಗೆ ತನ್ನ ಪರವಾಗಿ ಪ್ರಮಾಣ ಮಾಡಿ ಸಾಕ್ಷಿ ಹೇಳುವ ಹಕ್ಕಿಲ್ಲ. ನಾನು ಹೇಳಿದರೆ, ಅಕ್ಕ ಇನ್ನೇನು ಹೇಳ್ತಾಳೆ ಅಂತಾರೆ. ಆದರೆ ನಿಮ್ಮ ಚೀಟಿಯ ಮೇಲೆ ಹನ್ನೊಂದನೆಯ ತಾರೀಕಿನ ಮುದ್ರೆ ಇದೆ. ಹೆಣ ಸಿಕ್ಕಿದ್ದಕ್ಕಿಂತ ಒಂದು ದಿನ ಮುಂಚೆ, ಪೀಕಾಕ್ ಬಾಯಿ ಬಿಟ್ಟದ್ದಕ್ಕಿಂತ ನಾಲ್ಕು ದಿನ ಮುಂಚೆ. ಕಾರಣ ಯಾರಿಗೂ ಹೇಳಬೇಡ, ಹೇಳಿದರೆ ಈಗ ಹುಟ್ಟಿಸಿದ ಚೀಟಿ ಅಂತಾರೆ ಎಂದು ಟನ್‌ಸ್ಟಲ್ ಹೆದರಿಸಿದ್ದ.

ಇನ್ನು ಪೆಗಿ ಅಜ್ಜಿ. ನಿಮ್ಮ ಅರವತ್ತರ ನಿಯಮ ಮಾಡಿದವರು ನಮ್ಮ ಕಣಿವೆ ನೋಡಿಲ್ಲ. ಇಲ್ಲಿ ಹಳೆಯ ಮಾತು ಬರೀ ಮುದುಕರ ಬಾಯಲ್ಲಿಲ್ಲ. ಸೀಸದ ಗಣಿಯ ಗಂಡಸರು ಆಡುತ್ತಾರೆ, ಹಾಲು ಕರೆಯುವ ಹೆಂಗಸರು ಆಡುತ್ತಾರೆ. ಮೊದಲ ವರ್ಷ ಅವರವರ ಹೆಸರನ್ನೇ ಬರೆದು ಕಳಿಸಿದೆ. ‘ವಯಸ್ಸು ಸಾಲದು’ ಎಂದು ನೀವೇ ಗೀಟು ಹಾಕಿ ಮುನ್ನೂರು ಮಾತು ಬಿಸಾಕಿದಿರಿ. ನೆನಪಿದೆಯೆ? ನನಗಿದೆ. ಒಂದು ರಾತ್ರಿ ಪೂರ್ತಿ ಅತ್ತಿದ್ದೆ. ಆಮೇಲೆ ಪೆಗಿ ಅಜ್ಜಿಯನ್ನು ಕೇಳಿದೆ. “ಬರ್ಕೊಳ್ಳೇ, ನಂದೇನು ಗಂಟು ಹೋಗತ್ತೆ, ಬಾಯಿ ತಾನೆ” ಅಂದಳು. ಅಂದಿನಿಂದ ವಯಸ್ಸು ಸಾಲದವರ ಮಾತನ್ನೆಲ್ಲ ಅವಳ ಹೆಸರಿಗೆ, ಇನ್ನೂ ನಾಲ್ಕು ಮುದುಕರ ಹೆಸರಿಗೆ ಹಾಕುತ್ತಾ ಬಂದೆ. ಮಾತೊಂದೂ ಸುಳ್ಳಲ್ಲ. ಅರ್ಥವೊಂದೂ ಸುಳ್ಳಲ್ಲ. ಹೆಸರುಗಳು ಸುಳ್ಳು. ಆ ಸಂಜೆ ಕೈಗೆ ಅಭ್ಯಾಸವಾಗಿ ಅವಳ ಹೆಸರನ್ನೇ ಬರೆದುಬಿಟ್ಟಿತು. ಅವಳ ಶವಪೆಟ್ಟಿಗೆಯ ಹಿಂದೆ ನಾನೇ ನಡೆದುಹೋಗಿ ಐದು ದಿನ ಆಗಿತ್ತು.

ಈಗ ಕೇಳಬಾರದ್ದನ್ನು ಕೇಳುತ್ತೇನೆ. ಆ ಹೆಸರನ್ನು ಚಾಕುವಿನಿಂದ ಕೆರೆದು ತೆಗೆಯಿರಿ. ನೆಡ್‌ನ ಪೂರ್ತಿ ಹೆಸರು, ಎಡ್ವರ್ಡ್ ಆಲ್ಡರ್ಸನ್, ೨೬ ಎಂದು ಬರೆಯಿರಿ. ನನ್ನ ಅಕ್ಷರ ನಿಮಗೆ ಒಂಬತ್ತು ವರ್ಷದಿಂದ ಗೊತ್ತು, ನನಗಿಂತ ಚೆನ್ನಾಗಿ ಬರೆಯುತ್ತೀರಿ. ಬರೆಯುವುದು ಸುಳ್ಳಲ್ಲ, ಸತ್ಯ. ನನ್ನ ಆರು ಸಾವಿರ ಚೀಟಿಗಳನ್ನು ಬೇಕಾದರೆ ಒಲೆಗೆ ಹಾಕಿ. ಇದೊಂದನ್ನು ಮಾಡಿಕೊಡಿ.

ಥಾಮಸಿನ್


ಸ್ಕಾರ್‌ಬೆಕ್
೨೪ ಫೆಬ್ರವರಿ

ಪಾರ್ಜಿಟರ್ ಅವರೇ,

ಹದಿನೆಂಟು ದಿನವಾಯಿತು. ಅಂಚೆಯವನು ನಮ್ಮ ಗೇಟು ದಾಟಿ ಹೋಗುವುದನ್ನು ದಿನಾ ನೋಡುತ್ತಿದ್ದೇನೆ. ಮೊನ್ನೆ ಅವನೇ, “ಇವತ್ತೂ ಇಲ್ಲ ಕಣಮ್ಮ, ಬಂದ್ರೆ ನಾನು ಓಡ್ಕೊಂಡೇ ಬರ್ತೀನಿ” ಅಂದ.

ಹೋದ ವಾರ ನೆಡ್‌ನನ್ನು ನೋಡಿ ಬಂದೆ. “ನಿನ್ನ ಚೀಟಿ ಮಾಸ್ತರು ಏನಂದ್ರು ಅಕ್ಕಾ?” ಅಂತ ಕೇಳಿದ. ಕಳಿಸ್ತಾರೆ ಅಂದೆ. ಸುಳ್ಳು ಹೇಳುವುದು ನನಗೆ ರೂಢಿಯೇ, ನೀವೇ ಬರೆದಿದ್ದೀರಲ್ಲ. ಅವನ ಕುತ್ತಿಗೆಯ ಕಡೆ ನೋಡಬಾರದೆಂದು ಅಂದುಕೊಂಡೇ ಹೋಗಿದ್ದೆ, ನೋಡಿದೆ.

ಆಗುವುದಿಲ್ಲ ಎಂದಾದರೂ ಬರೆಯಿರಿ.

ಥಾ.


ಕೇಂಬ್ರಿಜ್
೨೭ ಫೆಬ್ರವರಿ

ಪ್ರಿಯ ಮಿಸ್ ಆಲ್ಡರ್ಸನ್,

ಆಗುವುದಿಲ್ಲ.

ಕಾರಣ ಹೇಳುತ್ತೇನೆ. ಕೋಪದಿಂದ ಕಾಗದ ಎಸೆಯುವ ಮುಂಚೆ ಕೊನೆಯವರೆಗೆ ಓದಿ.

ಇಷ್ಟು ದಿನ ನಾನು ಸುಮ್ಮನಿರಲಿಲ್ಲ. ನಿಮ್ಮ ಕಾಗದ ಬಂದ ಸಂಜೆ ಚಾಕು ತೆಗೆದುಕೊಂಡು ಕೂತೆ. ಹೌದು, ಕೂತೆ. ಬೇರೊಂದು ಚೀಟಿಯ ಮೇಲೆ ನಿಮ್ಮ ಅಕ್ಷರದಲ್ಲಿ ನಿಮ್ಮ ತಮ್ಮನ ಹೆಸರನ್ನು ಹನ್ನೊಂದು ಸಲ ಬರೆದು ನೋಡಿದೆ. ಹನ್ನೊಂದನೆಯದು ನಿಮ್ಮದಲ್ಲವೆಂದು ನಿಮಗೇ ಗುರುತು ಸಿಗದಷ್ಟು ಚೆನ್ನಾಗಿತ್ತು. ಆಮೇಲೆ ಚೀಟಿಯನ್ನು ತಿರುಗಿಸಿದೆ. ಹಿಂಬದಿಯಲ್ಲಿ ನಾನೇ ಕೆಂಪು ಶಾಯಿಯಲ್ಲಿ ಬರೆದ ಟಿಪ್ಪಣಿ: ‘೮೩ರ ಅಜ್ಜಿ, ಅದೂ ಮಣ್ಣಾದ ಮೇಲೆ, ಕುರಿ ಹೊತ್ತರೆ? ವಿಚಾರಿಸಬೇಕು. ಎ.ಪಾ., ೧೯ ನವೆಂಬರ್.’ ನಿಮ್ಮನ್ನು ಹಿಡಿಯಬೇಕೆಂದೇ ಬರೆದದ್ದು ಅದು. ನಿಮ್ಮ ತಮ್ಮನನ್ನು ಹಿಡಿಯುವ ಒಂದು ತಿಂಗಳ ಮುಂಚೆಯೂ ಚೀಟಿಯಲ್ಲಿ ಅಜ್ಜಿಯ ಹೆಸರೇ ಇತ್ತು ಎಂಬುದಕ್ಕೆ ಅದೇ ಸಾಕ್ಷಿ ಎಂದು ಹೊಳೆದು ಚಾಕುವನ್ನು ಮಡಚಿಟ್ಟೆ.

ಹೆಸರು ಕೆರೆದ ಗುರುತು ಯಾವ ವಕೀಲನ ಕಣ್ಣಿಗಾದರೂ ಬೀಳುತ್ತದೆ. ಬಿದ್ದರೆ ನಿಮ್ಮ ತಮ್ಮನ ಕತೆ ಅಲ್ಲಿಗೇ ಮುಗಿಯಿತು. ಚೀಟಿ ಈಗ ಇರುವ ಹಾಗೇ, ಸುಳ್ಳು ಹೆಸರಿನ ಸಮೇತ ಕೋರ್ಟಿಗೆ ಹೋಗಬೇಕು. ನೀವು ಸಾಕ್ಷಿಕಟ್ಟೆಯಲ್ಲಿ ನಿಂತು ಒಂಬತ್ತು ವರ್ಷ ಏನು ಮಾಡಿದಿರಿ, ಯಾಕೆ ಮಾಡಿದಿರಿ ಎಂದು ನನಗೆ ಬರೆದ ಹಾಗೇ ಹೇಳಬೇಕು.

ಮುನ್ನೂರು ಮಾತಿಗೆ ಗೀಟು ಹಾಕಿದ್ದು ನೆನಪಿದೆ. ಆ ದಿನ ಬೇಗ ಮುಗಿಸಿ ಮನೆಗೆ ಹೋಗಿದ್ದೆ.

ಎಡ್ಮಂಡ್ ಪಾರ್ಜಿಟರ್


ಸ್ಕಾರ್‌ಬೆಕ್
೨ ಮಾರ್ಚ್

ಪಾರ್ಜಿಟರ್ ಅವರಿಗೆ,

ಅಂದರೆ ನಾನು ಜನ ತುಂಬಿದ ಕೋರ್ಟಿನಲ್ಲಿ ನಿಂತು ‘ನಾನು ಸುಳ್ಳುಗಾರ್ತಿ’ ಎನ್ನಬೇಕು, ಅದರ ಬೆನ್ನಿಗೇ ‘ಈಗ ನನ್ನನ್ನು ನಂಬಿ’ ಎನ್ನಬೇಕು. ನಿಮ್ಮ ಕಚೇರಿಯಲ್ಲಿ ಪುಸ್ತಕಗಳ ಮಧ್ಯೆ ಕೂತವರಿಗೆ ಇದು ಚೆಂದ ಕಾಣುತ್ತದೆ. ನೇಣಿಗೆ ಹೋಗುವವನು ನಿಮ್ಮ ತಮ್ಮನಲ್ಲ.

ನಿಮ್ಮ ನಿಯಮಕ್ಕೆ ಒಮ್ಮೆ ನನ್ನ ಮುನ್ನೂರು ಮಾತು ಹೋದವು. ಈಗ ನೆಡ್ ಹೋಗುತ್ತಾನೆ. ಇನ್ನು ನಿಮಗೆ ಬರೆಯುವುದಿಲ್ಲ. ಚೀಟಿಯನ್ನು ನೀವೇ ಇಟ್ಟುಕೊಳ್ಳಿ.

ಥಾಮಸಿನ್ ಆಲ್ಡರ್ಸನ್


ಯಾರ್ಕ್ ರೈಲು ನಿಲ್ದಾಣ
೧೪ ಮಾರ್ಚ್, ಸಂಜೆ ನಾಲ್ಕೂವರೆ

ಪ್ರಿಯ ಮಿಸ್ ಆಲ್ಡರ್ಸನ್,

ಜ್ಯೂರಿಯವರು ಒಳಕ್ಕೆ ಹೋದ ಕೂಡಲೇ ಎದ್ದು ಬಂದೆ. ಐದರ ರೈಲಿಗೆ ಹೋಗಲೇಬೇಕಿದೆ. ಅದೊಂದೇ ಕಾರಣವಲ್ಲ. ಆ ಹನ್ನೆರಡು ಜನ ಮರಳಿ ಬರುವುದನ್ನು ನೋಡುವ ಧೈರ್ಯ ಇರಲಿಲ್ಲ.

ನಾನು ಬರುತ್ತೇನೆಂದು ನಿಮಗೆ ತಿಳಿಸಿರಲಿಲ್ಲ. ಟನ್‌ಸ್ಟಲ್ ಅವರಿಗೆ ಮಾತ್ರ ಬರೆದಿದ್ದೆ. ತಿಳಿಸಿದ್ದರೆ ನೀವು ನನ್ನನ್ನು ನೆಚ್ಚಿಕೊಳ್ಳುತ್ತಿದ್ದಿರಿ. ಕೊನೆಯ ದಿನದವರೆಗೂ ನನ್ನ ಮೇಲೆ ನನಗೇ ನೆಚ್ಚಿಕೆ ಇರಲಿಲ್ಲ. ನಾನು ಸಾಕ್ಷಿಕಟ್ಟೆಯಿಂದ ಇಳಿಯುವಾಗ ನೀವು ನನ್ನತ್ತ ನೋಡಿದಿರಿ. ಅದು ಬೈಗುಳವೋ ಇನ್ನೊಂದೋ ತಿಳಿಯಲಿಲ್ಲ. ಒಂಬತ್ತು ವರ್ಷ ನಿಮ್ಮ ಅಕ್ಷರ ಓದಿದವನಿಗೆ ನಿಮ್ಮ ಮುಖ ಓದಲು ಬರಲಿಲ್ಲ.

ಚೀಟಿಯನ್ನು ಕೋರ್ಟಿನವರು ಇಟ್ಟುಕೊಂಡರು. ಬರಿಗೈಯಲ್ಲಿ ಹೊರಟಿದ್ದೇನೆ.

ಏನಾಯಿತೆಂದು ಒಂದೇ ಒಂದು ಸಾಲು ಬರೆಯಿರಿ.

ಎ. ಪಾ.


ಸ್ಕಾರ್‌ಬೆಕ್
೧೮ ಮಾರ್ಚ್

ಪ್ರಿಯ ಪಾರ್ಜಿಟರ್ ಅವರೇ,

ನೆಡ್ ಮನೆಯಲ್ಲಿದ್ದಾನೆ.

ನೀವು ಕೇಳಿದ ಒಂದು ಸಾಲು ಅದು. ನಾಲ್ಕು ದಿನ ತಡ ಮಾಡಿದ್ದಕ್ಕೆ ಕ್ಷಮೆಯಿರಲಿ. ಬರೆಯಲು ಕೂತಾಗಲೆಲ್ಲ ಎದ್ದು ಹೋಗಿ ಅವನು ಇದ್ದಾನೋ ಇಲ್ಲವೋ ನೋಡಿ ಬರುತ್ತಿದ್ದೆ.

ಸಾಕ್ಷಿಕಟ್ಟೆ ಹತ್ತುವವರೆಗೂ ನಿಮ್ಮ ಮೇಲೆ ಕೆಂಡದಂಥ ಸಿಟ್ಟಿತ್ತು. ಸರ್ಕಾರಿ ವಕೀಲ, “ಚೀಟಿಯ ಮೇಲಿನ ಹೆಸರು ಸುಳ್ಳೋ ನಿಜವೋ?” ಅಂದ. ಸುಳ್ಳು ಅಂದೆ. “ಹಾಗಾದರೆ ನೀವು ಸುಳ್ಳುಗಾರ್ತಿ.” ಒಂಬತ್ತು ವರ್ಷದಿಂದ ಅಂದೆ. ಜನ ನಕ್ಕರು. ಪೆಗಿ ಅಜ್ಜಿಯ ಮಗಳು ಮಾತ್ರ ನಗಲಿಲ್ಲ. ಅವ್ವನ ಹೆಸರಿಗೆ ಮಸಿ ಬಳಿದೆ ಅಂತ ಅವಳಿಗೆ ನೋವಾಗಿದೆ. ಈಗ ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾಳೆ. ನನಗೆ ಆಗಬೇಕಾದ್ದೇ.

ಆಮೇಲೆ ನಿಮ್ಮ ಹೆಸರು ಕೂಗಿದರು. ನೀವು ಇಷ್ಟು ಕುಳ್ಳಗಿರುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಅಕ್ಷರ ಅಷ್ಟು ಉದ್ದುದ್ದ ಬರೆಯುತ್ತೀರಲ್ಲ. “ಈ ಹೆಂಗಸಿನ ಕೆಲಸದ ಬಗ್ಗೆ ನಿಮ್ಮ ಅಭಿಪ್ರಾಯವೇನು?” ಎಂದು ಆ ವಕೀಲ ಕೇಳಿದಾಗ ನೀವು, “ನನಗೆ ಇವರ ಮೇಲೆ ಸಂಶಯವಿತ್ತು, ಆದ್ದರಿಂದಲೇ ಬಂದಿದ್ದೇನೆ” ಅಂದಿರಿ. ಆಮೇಲೆ ನೀವು ಚೀಟಿ ತಿರುಗಿಸಿ ನಿಮ್ಮ ಟಿಪ್ಪಣಿ ಓದಿದಿರಿ. ‘ಮಣ್ಣಾದ ಮೇಲೆ ಕುರಿ ಹೊತ್ತರೆ’ ಅಂದಾಗ ನ್ಯಾಯಾಧೀಶರೂ ಕೈಯಿಂದ ಬಾಯಿ ಮುಚ್ಚಿಕೊಂಡರು. ನಿಮ್ಮ ಮುಖ ಮಾತ್ರ ಬಿಗಿದುಕೊಂಡೇ ಇತ್ತು.

ನೀವು ಹೋದ ಮೇಲೆ ನಡೆದದ್ದನ್ನು ಹೇಳುತ್ತೇನೆ. ಜ್ಯೂರಿಯವರು ಅರ್ಧ ಗಂಟೆಗೆ ವಾಪಸು ಬಂದು ನ್ಯಾಯಾಧೀಶರಿಗೆ ಒಂದು ಪ್ರಶ್ನೆ ಹಾಕಿದರು. ಸುಳ್ಳೆಂದು ಒಪ್ಪಿಕೊಂಡ ಕಾಗದವನ್ನು ತಾವು ನಂಬಬಹುದೆ ಅಂತ. ನ್ಯಾಯಾಧೀಶರು ಹೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತೇನೆ, ಅದೊಂದು ನನಗೆ ಬರುತ್ತದೆ: “ತಮ್ಮನನ್ನು ಉಳಿಸೋಕೆ ಸುಳ್ಳು ಬರೆಯೋ ಹೆಂಗಸು ತಮ್ಮನ ಹೆಸರು ಬರೀತಾಳೆ. ಸತ್ತ ಮುದುಕಿಯ ಹೆಸರು ಬರೆದಿದ್ದಾಳೆ ಅಂದರೆ, ಬರೆಯೋ ಹೊತ್ತಿಗೆ ತಮ್ಮನಿಗೆ ಅಪಾಯ ಇದೆ ಅನ್ನೋದೇ ಅವಳಿಗೆ ಗೊತ್ತಿರಲಿಲ್ಲ. ಕುರಿಯ ಕಾಲಿಗೆ ಗೋಣಿಪಟ್ಟಿ ಸುತ್ತಿದ್ದು ಹನ್ನೊಂದನೆಯ ತಾರೀಕಿಗೆ ಕೇಂಬ್ರಿಜ್‌ನಲ್ಲಿ ಬರಹದಲ್ಲಿತ್ತು, ಪೀಕಾಕ್ ಇನ್ನೂ ಯಾರಿಗೂ ಹೇಳಿರಲಿಲ್ಲ. ಆ ಮನೆಯಲ್ಲಿ ಅದನ್ನು ಹೇಳಬಲ್ಲವರು ಯಾರಿದ್ದರು ಅಂತ ನೀವೇ ಯೋಚನೆ ಮಾಡಿ.” ಜ್ಯೂರಿಯವರು ಮತ್ತೆ ಒಳಗೂ ಹೋಗಲಿಲ್ಲ. ತಲೆಗೆ ತಲೆ ಕೊಟ್ಟು ಪಿಸುಗುಟ್ಟಿದರು, ನೆಡ್‌ನನ್ನು ಬಿಟ್ಟುಬಿಟ್ಟರು.

ನೀವು ಅಂದು ಹೆಸರನ್ನು ಕೆರೆದಿದ್ದರೆ ಈ ಹೊತ್ತಿಗೆ ನಾನು ಇನ್ನೊಂದು ಆರ್ವಲ್ ರೊಟ್ಟಿ ಸುಡುತ್ತಿದ್ದೆ. ನಾನು ಕೇಳಿದ್ದನ್ನು ನೀವು ಕೊಡದೆ ಇದ್ದದ್ದರಿಂದ ಅವನು ಬದುಕಿದ. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಚೀಟಿ ಹೊಸ್ತಿಲು ದಾಟುವಂತಿಲ್ಲ ಎಂದಿದ್ದಿರಲ್ಲ. ಹೇಗೆ ದಾಟಿತು?

ಥಾಮಸಿನ್


ಕೇಂಬ್ರಿಜ್
೨ ಏಪ್ರಿಲ್

ಪ್ರಿಯ ಮಿಸ್ ಆಲ್ಡರ್ಸನ್,

ನನ್ನ ಕೋಟಿನ ಒಳಜೇಬಿನಲ್ಲಿ ದಾಟಿತು. ಕೇಳಿದ್ದರೆ ಡಾಕ್ಟರ್ ಲೇಥಮ್ ಬೇಡ ಅನ್ನುತ್ತಿದ್ದರು, ಆದ್ದರಿಂದ ಕೇಳಲಿಲ್ಲ. ಚೀಟಿ ಕಾಣದಾದಾಗ ಯಾರ್ಕಿಗೇ ತಂತಿ ಕಳಿಸಿದ್ದರು, ಆ ರಾತ್ರಿಯೇ ಚೀಟಿಯೊಂದಿಗೆ ಹಿಂದಿರುಗು, ಇಲ್ಲವೆ ಹಿಂದಿರುಗಲೇಬೇಡ ಎಂದು. ಚೀಟಿಯಿಲ್ಲದೆ ಹಿಂದಿರುಗಿದೆ. ಎರಡು ದಿನ ಅವರು ನನ್ನೊಂದಿಗೆ ಮಾತು ಬಿಟ್ಟಿದ್ದರು. ಮೂರನೆಯ ದಿನ ಪತ್ರಿಕೆಯಲ್ಲಿ ವಿಚಾರಣೆಯ ವರದಿ ಓದಿ, “ಪಾರ್ಜಿಟರ್, ನಮ್ಮ ಮುದ್ರೆ ನೆಟ್ಟಗೆ ಬಿದ್ದಿತ್ತೋ ಇಲ್ಲವೋ?” ಎಂದು ಕೇಳಿದರು. ನೆಟ್ಟಗೇ ಬಿದ್ದಿತ್ತು ಅಂದೆ. ಈಗಲೂ ಕೆಲಸದಲ್ಲಿದ್ದೇನೆ. ಕಿಟಕಿಯಿಲ್ಲದ ಕೋಣೆಗೆ ಕಳಿಸಿದ್ದಾರೆ.

ನಿಮಗೆ ಕೆಟ್ಟ ಸುದ್ದಿಯೂ ಇದೆ, ಮುಚ್ಚಿಡುವುದಿಲ್ಲ. ನಿಮ್ಮ ಚೀಟಿಗಳೆಲ್ಲವನ್ನೂ ಅವರು ತಳ್ಳಿಹಾಕಿದ್ದಾರೆ. ನಾಳೆ ನಾಲ್ಕು ಪೆಟ್ಟಿಗೆಗಳಲ್ಲಿ ಸರಕು ರೈಲಿಗೆ ಹಾಕಿಸುತ್ತೇನೆ. ಹೊಸ್ತಿಲು ದಾಟುತ್ತಿರುವ ಎರಡನೆಯ ಸರಕು ಅದು. ಯಾವ ಮಾತನ್ನು ನಿಜವಾಗಿ ಆಡಿದವರು ಯಾರು ಎಂದು ನಿಮಗೆ ಖಚಿತವಾಗಿ ನೆನಪಿದೆಯೋ ಅವನ್ನು ಮಾತ್ರ ಸರಿಯಾದ ಹೆಸರಿನಲ್ಲಿ ಮತ್ತೆ ಬರೆದು ಕಳಿಸಿ. ವಯಸ್ಸು ಎಷ್ಟೇ ಇರಲಿ. ಅರವತ್ತರ ನಿಯಮವನ್ನು ತೆಗೆಸಲು ನನಗೆ ನಾಲ್ಕು ದಿನ ಹಿಡಿಯಿತು. ಅದನ್ನು ಒಂಬತ್ತು ವರ್ಷದ ಹಿಂದೆಯೇ ಮಾಡಬೇಕಿತ್ತು, ಮಾಡಲಿಲ್ಲ. ತಪ್ಪು ನನ್ನದು.

ರಿಗ್‌ವೆಲ್ಟೆಡ್ ಎಂಬ ಮಾತಿಗೆ ಈಗ ನಮ್ಮಲ್ಲಿ ಚೀಟಿಯೇ ಇಲ್ಲ. ಆ ಭಾಗ ಏಪ್ರಿಲ್ ಮೂವತ್ತಕ್ಕೆ ಅಚ್ಚಿಗೆ ಹೋಗುತ್ತದೆ. ನಾನು ಜನವರಿಯಲ್ಲಿ ಕೇಳಿದ ಪ್ರಶ್ನೆಗೂ ಉತ್ತರ ಬಂದಿಲ್ಲ.

ನಿಮ್ಮ ತಮ್ಮ ಹೇಗಿದ್ದಾರೆ?

ಎಡ್ಮಂಡ್ ಪಾರ್ಜಿಟರ್


ಸ್ಕಾರ್‌ಬೆಕ್
೨೦ ಏಪ್ರಿಲ್

ಪ್ರಿಯ ಪಾರ್ಜಿಟರ್ ಅವರೇ,

ಪೆಟ್ಟಿಗೆಗಳು ಬಂದವು. ನೆಡ್ ಹೊತ್ತು ತಂದು ಅಡುಗೆಮನೆಯಲ್ಲಿ ಇಳಿಸಿದ. ಪ್ರತಿ ಸಂಜೆ ನಾನು ಒಂದೊಂದೇ ಚೀಟಿ ಓದುತ್ತೇನೆ, ಅವನು “ಇದು ಗಣಿಯ ಜೋನಸ್ ಅಂದದ್ದು”, “ಇದು ಹಾಲಿನ ಮೇರಿಯದು” ಅಂತ ಹೇಳುತ್ತಾನೆ. ಎರಡು ಸಾವಿರ ಸಿಗಬಹುದು. ಉಳಿದವು ಯಾರ ಬಾಯಿಯವೋ ನಮ್ಮಿಬ್ಬರಿಗೂ ತಿಳಿಯದು. ಊಹೆ ಮಾಡಿ ಬರೆಯುವುದಿಲ್ಲ. ಅವು ಹೋದ ಹಾಗೇ. ನಾಲ್ಕು ಸಾವಿರ ಮಾತು ನನ್ನ ಕೈಯಿಂದಲೇ ಹೋದವು.

ನೆಡ್ ಹೇಗಿದ್ದಾನೆಂದು ಕೇಳಿದಿರಿ. ಗುಡ್ಡಕ್ಕೆ ಹೋಗುವುದಿಲ್ಲ. ಕ್ರೇಕ್‌ನನ್ನು ಕೊಂದವರು ಯಾರೋ ಇನ್ನೂ ಸಿಕ್ಕಿಲ್ಲ. ಸಂತೆಯಲ್ಲಿ ಕೆಲವರು ಇವನು ಬಂದರೆ ಮಾತು ನಿಲ್ಲಿಸುತ್ತಾರೆ. ಮೊನ್ನೆ ರಾಲ್ಫ್ ಪೀಕಾಕ್ ಬಂದಿದ್ದ. ಹೊಸ್ತಿಲಲ್ಲೇ ನಿಂತು ಟೋಪಿ ತಿರುವುತ್ತಾ, “ಆ ಕುರಿ ಅವಳಿ ಹಾಕಿದೆ ಕಣೋ ನೆಡ್. ನೋಡ್ಕೊಂಡು ಬರೋಣ ಬಾ” ಅಂದ. ನೆಡ್ ಬೂಟು ಹಾಕಿಕೊಂಡ.

ಕೇಳಿದ ಚೀಟಿ ಇದರೊಂದಿಗಿದೆ. ಅರ್ಥವನ್ನು ಪೂರ್ತಿ ಮಾಡಿದ್ದೇನೆ.

ಥಾಮಸಿನ್

ಮಾತು: ರಿಗ್‌ವೆಲ್ಟೆಡ್.
ಅರ್ಥ: ಬೆನ್ನಡಿಯಾಗಿ ಬಿದ್ದು ತಾನಾಗಿ ಏಳಲಾರದ ಕುರಿಯನ್ನು ಕುರಿತು ಹೇಳುವ ಮಾತು. ಹಾಗೇ ಬಿಟ್ಟರೆ ಒಂದು ದಿನದೊಳಗೆ ಸಾಯುತ್ತದೆ. ಯಾರಾದರೂ ಬಂದು ಮಗ್ಗುಲಿಗೆ ತಿರುಗಿಸಿ, ಕಾಲು ನಿಲ್ಲುವವರೆಗೆ ಹಿಡಿದುಕೊಂಡಿದ್ದರೆ ಬದುಕುತ್ತದೆ.
ಆಡಿದವರು: ಎಡ್ವರ್ಡ್ ಆಲ್ಡರ್ಸನ್, ವಯಸ್ಸು ೨೬.
ಆಡಿದ ದಿನ: ೯ ನವೆಂಬರ್ ೧೮೮೭.
ಕೇಳಿ ಬರೆದವರು: ಅವನ ಅಕ್ಕ.